ಮೇಲಿನ ಸಪ್ತಕ

ಶುಕ್ರವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಸೀಟಿಗೆ,

ಅಮ್ಮ ಬರೆಯುತ್ತಿದ್ದೇನೆ. ನಿನ್ನ ಕಾಗದ ಮೊನ್ನೆಯೇ ಕೈಸೇರಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಮನೆಗೆ ಸುಣ್ಣ ಬಳಿಸುತ್ತಿದ್ದೇನೆ. ಆ ವಾಸನೆ ನನಗೆ ಆಗುವುದಿಲ್ಲವೆಂದು ನಾಲ್ಕು ದಿನ ಬೇರೆ ಕಡೆ ಬಂದು ಇದ್ದೇನೆ. ಇಲ್ಲಿ ಮೇಜಿಲ್ಲ. ಊಟದ ತಟ್ಟೆ ಇಡುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾಗದವನ್ನು ಒತ್ತಿ ಹಿಡಿಯಲು ಎಡಗೈಗೆ ಬಿಡುವಿಲ್ಲ, ಅದಕ್ಕೇ ಸಾಲುಗಳು ಗುಡ್ಡ ಹತ್ತಿ ಇಳಿದಿವೆ. ಕಿಟಕಿಯಿಂದ ಒಂದು ನೀರಿನ ಟ್ಯಾಂಕು ಕಾಣುತ್ತದೆ, ಅದರ ಮೇಲೆ ಸದಾ ಎರಡು ಪಾರಿವಾಳ. ಪಕ್ಕದಲ್ಲಿರುವ ಹೆಂಗಸು, ಇಷ್ಟುದ್ದ ಯಾರಿಗೆ ಬರೆಯುತ್ತೀರಿ ಎಂದು ಕೇಳಿದಳು. ಮಗಳಿಗೆ ಎಂದೆ. ಓದುತ್ತಾಳಾ ಎಂದಳು. ಓದುವುದೇ ಅವಳ ಕಸುಬು ಎಂದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಮಂಗಳವಾರದ ನಿನ್ನ ಸಭೆ ಮುಗಿದ ಮೇಲೆ ಸಿಕ್ಕೀತು. ಅಪ್ಪನ ಎದುರಂಗಡಿಯವರು ನಾಳೆ ನಿಮ್ಮೂರಿಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವರಿಗೆ ಒಂದು ಲೋಟ ಚಹಾ ಕೊಡು. ಸಕ್ಕರೆ ಹಾಕಬೇಡ, ಅವರಿಗೆ ಈಗ ಸಕ್ಕರೆ ಕಾಯಿಲೆ.

ಬರೆದ ಮೇಲೆ ನೆನಪಾಯಿತು. ನೀನು ಮೊದಲ ಸಲ ನಿನ್ನ ಕೆಲಸ ಏನೆಂದು ಹೇಳಿದಾಗ ನಾನು ನಕ್ಕಿದ್ದೆ. ಸಕ್ಕರೆ ಕಾಯಿಲೆ ಗೊತ್ತಿತ್ತು, ಸಕ್ಕರೆ ಮದ್ದು ಗೊತ್ತಿರಲಿಲ್ಲ ಎಂದಿದ್ದೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲಮ್ಮ, ಅದರ ದಾಯಾದಿಗಳು ಎಂದು ನೀನು ಬಿಡಿಸಿ ಹೇಳಿದೆ. ಸಕ್ಕರೆಯ ಸಣ್ಣ ಸಣ್ಣ ಉಂಗುರಗಳನ್ನು ಒಂದಕ್ಕೊಂದು ಕೋದು ಕಟ್ಟಿದ ಮದ್ದು. ರೋಗಾಣು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದದ್ದು ರೋಗಾಣುವಿನ ಅಡುಗೆಮನೆಯಲ್ಲಿ ಕೂತು ಅಡುಗೆ ಕೆಡಿಸುತ್ತದೆ. ಕೆಟ್ಟ ಅಡುಗೆ ಉಂಡು ಅದು ಸಾಯುತ್ತದೆ. ತೊಂದರೆ ಏನೆಂದರೆ ಮನುಷ್ಯನ ಕಿವಿಯ ಒಳಗಿರುವ ಕೂದಲಿನಂಥ ಜೀವಕೋಶಗಳೂ ಅದೇ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಅವು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಉಂಗುರದ ಒಂದು ಮೂಲೆಯನ್ನು ಅಷ್ಟಿಷ್ಟು ಬದಲಿಸಿ, ರೋಗಾಣು ಬಾಗಿಲು ತೆಗೆಯಬೇಕು, ಕಿವಿ ಮಾತ್ರ ತೆಗೆಯಬಾರದು, ಹಾಗೆ ಮಾಡುವುದು ನಿನ್ನ ಕೆಲಸ. ಇದನ್ನು ನೀನು ಅಪ್ಪನಿಗೆ ಕಾಗದದಲ್ಲಿ ಬರೆದಿದ್ದೆ. ಓದಿ ಅವರು ಕೆಳಗಿನ ಹಾರ್ಮೋನಿಯಂ ಅಂಗಡಿಯಿಂದ ಮೇಲೆ ಬಂದು, ‘ನೋಡೇ, ನನ್ನ ಕಸುಬನ್ನೇ ಹಿಡಿದಿದ್ದಾಳೆ ನಿನ್ನ ಮಗಳು. ನಾನು ರೀಡು ಕೆರೀತೀನಿ, ಅವಳು ಸಕ್ಕರೆ ಕೆರೀತಾಳೆ’ ಎಂದಿದ್ದರು. ಅದನ್ನು ನಿನಗೆ ಹೇಳಿದ್ದೆನೋ ಇಲ್ಲವೋ. ಹೇಳಿದ್ದರೂ ಇನ್ನೊಮ್ಮೆ ಕೇಳು.

ಈಗ ನಿನ್ನ ಪ್ರಶ್ನೆ. ನಾನು ಅರ್ಥ ಮಾಡಿಕೊಂಡಂತೆ ಬರೆಯುತ್ತೇನೆ. ನಿಮ್ಮ ಪ್ರಯೋಗಾಲಯದಲ್ಲಿ ನೀವೆಲ್ಲ ‘ಪಾಕ’ ಎಂದು ಕರೆಯುವ ಆ ಮದ್ದು, ಅದೇ ತಿಂಗಳುಗಟ್ಟಲೆ ಹರಳುಗಟ್ಟದೆ ಪಾತ್ರೆಯ ತಳದಲ್ಲಿ ಅಂಟಿಕೊಂಡು ನಿನ್ನನ್ನು ಅಳಿಸಿದ್ದು, ಈಗ ಪುಡಿಯಾಗಿ ಕೈಗೆ ಬಂದಿದೆ. ಬೇರೆ ಯಾವ ಮದ್ದಿಗೂ ಬಗ್ಗದ ರೋಗಾಣುವನ್ನು ಅದು ಕೊಲ್ಲುತ್ತದೆ. ಅಪ್ಪನಿಗೆ ಕೊಟ್ಟ ಹಳೆಯ ಮದ್ದಿನಷ್ಟು ಕಿವಿಯನ್ನು ಕೆಡಿಸುವುದಿಲ್ಲ. ಆದರೆ ಸ್ವಲ್ಪ ಕೆಡಿಸುತ್ತದೆ. ಅದನ್ನು ಮನುಷ್ಯರಿಗೆ ಕೊಟ್ಟು ನೋಡುವ ಹಂತಕ್ಕೆ ಕಳಿಸಬೇಕೋ, ಕಪಾಟಿನಲ್ಲಿಟ್ಟು ಮೊದಲಿನಿಂದ ಶುರು ಮಾಡಬೇಕೋ ಎಂದು ಮಂಗಳವಾರ ತೀರ್ಮಾನ. ಮದ್ದು ಕಟ್ಟಿದವಳೂ ನೀನೇ, ಕಿವಿ ಪರೀಕ್ಷೆ ಮಾಡಿದವಳೂ ನೀನೇ, ಹಾಗಾಗಿ ನಿನ್ನ ಮಾತೇ ನಡೆಯುತ್ತದೆ. ನಿಮ್ಮ ದೊಡ್ಡ ಮೇಡಂ, ಸತ್ತವರಿಗೆ ಕಿವಿ ಯಾತಕ್ಕೆ ಎಂದು ಕೇಳುತ್ತಾರೆ. ನಿನಗೆ ಬೇಡವೆನ್ನಬೇಕು ಅನಿಸುತ್ತಿದೆ. ಇನ್ನೊಬ್ಬ ಅಪ್ಪ ಹಾಗೆ ಮೂಕ ಮನೆಯಲ್ಲಿ ಕೂರುವುದು ನಿನ್ನಿಂದ ಆಗಬಾರದು ಎಂದು ಬರೆದಿದ್ದೀಯ. ಕೊನೆಗೆ ಕೇಳಿದ್ದೀಯ: ಅಮ್ಮ, ಆ ಸೂಜಿ ಚುಚ್ಚುವ ಮುಂಚೆ ಅಪ್ಪನನ್ನು ಯಾರಾದರೂ ಒಂದು ಮಾತು ಕೇಳಿದ್ದರಾ? ಕೇಳಿದ್ದರೆ ಅಪ್ಪ ಏನನ್ನುತ್ತಿದ್ದರು?

ಕೇಳಿದ್ದರು, ಮಗಳೇ.

ಆಗ ನಿನ್ನ ಪರೀಕ್ಷೆ ನಡೆಯುತ್ತಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದದ್ದನ್ನೇ ನಿನಗೆ ಆಮೇಲೆ ಹೇಳಿದೆವು, ಅದಕ್ಕೆ ನೀನು ಎಷ್ಟೋ ಕಾಲ ಸಿಟ್ಟಿನಲ್ಲಿದ್ದೆ. ರೋಗಾಣು ಮೂತ್ರಪಿಂಡದಿಂದ ರಕ್ತಕ್ಕೆ ಹತ್ತಿತ್ತು. ಮೂರು ಬಗೆಯ ಮದ್ದು ಬದಲಿಸಿ ನೋಡಿದ್ದರು. ಜ್ವರ ಹಠ ಹಿಡಿದ ಮಗುವಿನ ಹಾಗೆ ಇಳಿಯಲೊಲ್ಲದು. ಒಂದು ಬೆಳಿಗ್ಗೆ ಡಾಕ್ಟರು ಮಂಚದ ಅಂಚಿನಲ್ಲಿ ಕೂತರು. ಡಾಕ್ಟರು ಕೂತುಕೊಂಡರೆಂದರೆ ಏನೋ ಇದೆಯೆಂದು ನನಗೆ ಆಗಲೇ ತಿಳಿಯಿತು. ಉಳಿದಿರುವುದು ಒಂದೇ ಮದ್ದು, ಹಳೆಯದು, ಕೆಲಸ ಮಾಡುತ್ತದೆ, ಆದರೆ ಕಿವಿಯನ್ನು ತಿನ್ನಬಹುದು ಎಂದರು. ನಿಮ್ಮ ಕಸುಬು ಏನು ಎಂದು ಕೇಳಿದರು. ಅಪ್ಪ ಹಾರ್ಮೋನಿಯಂ ಶ್ರುತಿ ಮಾಡುವವನು ಎಂದರು. ಡಾಕ್ಟರು ನೆಲ ನೋಡಿದರು.

ಅಪ್ಪ, ಯಾವುದು ಮೊದಲು ಹೋಗುತ್ತದೆ, ಮೇಲಿನ ಸ್ವರವೋ ಕೆಳಗಿನದೋ ಎಂದು ಕೇಳಿದರು. ಮೇಲಿನದು ಎಂದರು ಡಾಕ್ಟರು. ಅಪ್ಪ ನನ್ನ ಕಡೆ ತಿರುಗಿ ಹೇಳಿದ್ದು ಇದು:

‘ಹೋದ್ರೆ ಹೋಗ್ಲಿ ಬಿಡೇ. ನೀನು ಬೈಯೋದು ಮಂದ್ರದಲ್ಲೇ ಅಲ್ವಾ, ಅದು ಕೇಳ್ಸುತ್ತೆ.’

ಜ್ವರದಲ್ಲಿ ತುಟಿ ಒಡೆದಿತ್ತು, ನಗಲು ಹೋಗಿ ರಕ್ತ ಬಂತು. ನಾನು ಸೆರಗಿನಿಂದ ಒರೆಸಿದೆ. ಒಪ್ಪಿಗೆ ಅಷ್ಟೇ. ಅವರೇ ಕೇಳಿಸಿಕೊಂಡು, ಅವರೇ ಕೊಟ್ಟದ್ದು.

ಇದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದರೆ ಅವರು ಬೇಡ ಎಂದಿದ್ದರು. ಅವರ ಮಾತಿನಲ್ಲೇ ಹೇಳುತ್ತೇನೆ. ‘ನಾನೇ ಒಪ್ಪಿದ್ದು ಅಂತ ಗೊತ್ತಾದ್ರೆ ಅವಳಿಗೆ ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋಕೆ ಆಗಲ್ಲ. ಆ ಸಿಟ್ಟಲ್ಲೇ ಓದ್ತಾ ಇದ್ದಾಳೆ. ಓದ್ಲಿ ಬಿಡು.’ ಹೀಗೆ ನಿನ್ನ ಸಿಟ್ಟನ್ನು ನಾವಿಬ್ಬರೂ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕದಂತೆ, ಆರದಂತೆ ಕಾದೆವು. ಈಗ ಅವರಿಲ್ಲ, ನೀನು ಓದಿ ಮುಗಿಸಿಯೂ ಆಯಿತು. ಇನ್ನು ಬಚ್ಚಿಟ್ಟರೆ ಅದು ಹಳಸುತ್ತದೆ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಿನಗೆ ಅರ್ಧ ಸತ್ಯ ಹೇಳಿದಂತೆ. ಅವರು ಒಪ್ಪಿದ್ದು ಒಂದು ಬೆಳಿಗ್ಗೆ. ಅದರೊಂದಿಗೆ ಬದುಕಿದ್ದು ಆಮೇಲಿನ ವರ್ಷಗಳೆಲ್ಲ.

ಜ್ವರ ಇಳಿದು ಮನೆಗೆ ಬಂದ ಮೇಲೆ ಅವರು ಮೊದಲು ಹೋದದ್ದು ಕೆಳಗಿನ ಅಂಗಡಿಗೆ. ಸಂಗೀತ ಶಾಲೆಯ ಹಾರ್ಮೋನಿಯಂ ಕಾಯುತ್ತಿತ್ತು. ಅದರ ತುದಿಯ ರೀಡು ಸತ್ತಿದೆ ಎಂದುಕೊಂಡರು. ಬಿಚ್ಚಿ, ಧೂಳು ಊದಿ, ಹಿತ್ತಾಳೆಯ ನಾಲಿಗೆಯನ್ನು ಕೆರೆದು ಮತ್ತೆ ಕೂರಿಸಿದರು. ಇಲ್ಲ. ಬೇರೆ ರೀಡು ಹಾಕಿದರು. ಇಲ್ಲ. ಇನ್ನೊಂದು ಪೆಟ್ಟಿಗೆ ತೆಗೆದರು, ಅದರಲ್ಲೂ ತುದಿಯ ರೀಡು ಸತ್ತಿತ್ತು. ಮೂರನೆಯದರಲ್ಲೂ. ಸಂಜೆ ನಾನು ಚಹಾ ತೆಗೆದುಕೊಂಡು ಇಳಿದಾಗ ಬಟ್ಟೆಯ ಮೇಲೆ ಕಿತ್ತ ರೀಡುಗಳ ಸಾಲು, ಬಿದ್ದ ಹಲ್ಲುಗಳ ಹಾಗೆ. ಎಲ್ಲಾ ಪೆಟ್ಟಿಗೆಗೂ ಒಂದೇ ರೋಗ ಬಂದಿದೆ, ಈ ಸಲದ ಹಿತ್ತಾಳೆಯೇ ಸರಿಯಿಲ್ಲ ಎಂದು ಗೊಣಗಿದರು. ನಾನು ಬಗ್ಗಿ, ಅವರು ಈಗಷ್ಟೇ ಕೂರಿಸಿದ್ದ ರೀಡಿನ ಕೀಯನ್ನು ಒತ್ತಿದೆ. ತಿದಿ ಅವರ ಕೈಯಲ್ಲೇ ಇತ್ತು, ಒಮ್ಮೆ ಎಳೆದರು. ಸ್ವರ ಸೂಜಿಯ ಹಾಗೆ ಎದ್ದು ನಿಂತಿತು. ಅಂಗಡಿಯೆಲ್ಲ ತುಂಬಿತು.

ಅವರು ಪೆಟ್ಟಿಗೆಯನ್ನು ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದರು.

‘ನಿಂಗೆ ಕೇಳ್ತಾ ಇದ್ಯಾ?’ ಎಂದರು.

ನಾನು ಹೂಂ ಎಂದು ತಲೆಯಾಡಿಸಿದೆ. ಅವರು ತಿದಿ ಬಿಟ್ಟು, ಕಿತ್ತ ರೀಡುಗಳನ್ನೆಲ್ಲ ಒಂದೊಂದಾಗಿ ಒರೆಸಿ, ಯಾವುದು ಯಾವ ಪೆಟ್ಟಿಗೆಯದೆಂದು ಮರೆಯದೆ ವಾಪಸು ಕೂರಿಸಿದರು. ಚಹಾ ಆರಿತು.

ಆಮೇಲೆ ಒಂದೊಂದೇ ಹೋಯಿತು. ಗುಬ್ಬಿಗಳು ಹೋದವು. ಕುಕ್ಕರಿನ ಸೀಟಿ ಹೋಯಿತು, ಹಾಗಾಗಿ ಎರಡು ಸಲ ಬೇಳೆ ಸೀದುಹೋಯಿತು. ಬೀದಿಯ ಮಕ್ಕಳ ಗಲಾಟೆ ಹೋಯಿತು, ಅದು ಹೋದದ್ದು ಒಳ್ಳೆಯದೇ ಆಯಿತೆಂದರು. ಅಡುಗೆಮನೆಯ ಬಾಗಿಲ ಪಕ್ಕ ನಿನ್ನ ಹಳೆಯ ಸ್ಲೇಟು ನೇತುಹಾಕಿದ್ದು ಆಗಲೇ. ಮೊದಮೊದಲು ಅದರಲ್ಲಿ ಅಕ್ಕಿ, ಸೋಪು ಎಂದು ಬರೆಯುತ್ತಿದ್ದೆ. ಒಂದು ಸಂಜೆ ಯಾಕೋ, ಹಾಲಿನವನ ಸೈಕಲ್ಲಿನ ಚೈನು ಎಣ್ಣೆ ಕೇಳುತ್ತಿದೆ ಎಂದು ಬರೆದೆ. ಅವರು ಅದನ್ನು ಓದಿ ಅಲ್ಲೇ ನಿಂತರು. ಮಾರನೆಯ ದಿನ ಸ್ಲೇಟಿನ ಮುಂದೆ ಬಂದು ಹಲ್ಲುಜ್ಜುತ್ತಾ ಕಾದರು. ಅಂದಿನಿಂದ ದಿನಕ್ಕೆರಡು ಸಾಲು, ಇವತ್ತು ಏನು ಕೇಳಿಸಿತೆಂದು. ಮೇಲಿನ ಮನೆಯವರ ಮಗು ಸೀನಿತು. ಮಳೆ ತಗಡಿಗಿಂತ ಮೊದಲು ಎಲೆಗೆ ಬಿತ್ತು. ಅವರು ಹೋದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ, ಸ್ಲೇಟಿನ ಬದಲು ದಿನಚರಿಯಲ್ಲಿ ಬರೆಯುತ್ತೇನೆ. ಕಿವಿಯೇನೋ ನನ್ನದೇ, ಕೇಳಿಸಿಕೊಳ್ಳುವುದು ಮಾತ್ರ ಇನ್ನೂ ಅವರಿಗಾಗಿ.

ಎದುರಂಗಡಿಯವರ ವಿಷಯ ನಿನಗೆ ಅಷ್ಟಾಗಿ ಗೊತ್ತಿಲ್ಲ. ಅಪ್ಪ ಅವರನ್ನು ‘ಕಬ್ಬಿಣದ ಕಿವಿ’ ಎಂದು ಕರೆಯುತ್ತಿದ್ದರು. ಒಂದೇ ಬೀದಿಯಲ್ಲಿ ಎದುರುಬದುರು ಕೂತು, ಯಾವುದೋ ಗಿರಾಕಿಯ ವಿಷಯಕ್ಕೆ ಹಾವು ಮುಂಗುಸಿಯಾಗಿ ವರ್ಷಗಳೇ ಕಳೆದಿದ್ದವು. ಅಪ್ಪ ಶ್ರುತಿ ಮಾಡಿದ ಪೆಟ್ಟಿಗೆಗಳ ಮೇಲಿನ ಸ್ವರಗಳು ಏರುಪೇರಾಗತೊಡಗಿದಾಗ ಸಂಗೀತ ಶಾಲೆಯ ಟೀಚರಮ್ಮ ಏನೂ ಹೇಳದೆ, ಇಲ್ಲಿಂದ ಪೆಟ್ಟಿಗೆ ಎತ್ತಿಕೊಂಡು, ಹಿಂದಿನ ಓಣಿಯಿಂದ ಸುತ್ತಿ ಎದುರಂಗಡಿಗೆ ಒಯ್ಯುತ್ತಿದ್ದರು. ಕಬ್ಬಿಣದ ಕಿವಿಯವರು ಮೇಲಿನ ಸಪ್ತಕ ತಿದ್ದಿ ಕೊಡುತ್ತಿದ್ದರು. ನಾನು ಮಹಡಿಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಬೀದಿಗೆಲ್ಲ ಗೊತ್ತಿತ್ತು, ಗಂಡನಿಗೊಬ್ಬನಿಗೆ ಗೊತ್ತಿರಲಿಲ್ಲ.

ಒಮ್ಮೆ ಅದೇ ಪೆಟ್ಟಿಗೆ ತಿದಿ ಹರಿದು ಮತ್ತೆ ಅಪ್ಪನ ಕೈಗೆ ಬಂತು. ರೀಡಿನ ಬೆನ್ನಿನ ಮೇಲೆ ಬೇರೆಯವರ ಅರದ ಗೀರು ಕಂಡಿತು. ಒಬ್ಬೊಬ್ಬರು ಕೆರೆಯುವ ರೀತಿ ಒಂದೊಂದು, ರುಜು ಇದ್ದ ಹಾಗೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಬೀದಿ ದಾಟಿದರು. ನಾನು ಕಾಲಿಗೆ ಚಪ್ಪಲಿ ಸಿಕ್ಕಿಸದೆ ಹಿಂದೆಯೇ ಓಡಿದೆ. ಅಪ್ಪ ಹೊಸ್ತಿಲ ಮೇಲೆ ನಿಂತು, ಕೇಳಿಸದವರು ಮಾತಾಡುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು:

‘ತಿದ್ದೋದಾದ್ರೆ ಹಗಲಲ್ಲೇ ತಿದ್ದಯ್ಯಾ. ಹಿತ್ತಲ ಬಾಗಿಲಿಂದ ಯಾಕೆ ತರಿಸ್ಕೋತೀಯ?’

ಕಬ್ಬಿಣದ ಕಿವಿಯವರು ಎದ್ದು ಸ್ಟೂಲು ಒರೆಸಿ ಕೊಟ್ಟರು. ಅಷ್ಟೇ. ಅಂದಿನಿಂದ ಕೆಳಗಿನ ಸ್ವರ, ತಿದಿ, ಮರದ ಕೆಲಸ ನಮ್ಮ ಕಡೆ, ಮೇಲಿನದು ಆ ಕಡೆ. ಅರ್ಧ ಪೆಟ್ಟಿಗೆ ಇಲ್ಲಿ, ಅರ್ಧ ಪೆಟ್ಟಿಗೆ ಅಲ್ಲಿ. ಅವರಿಬ್ಬರೂ ಜಗಳವಾಡಿದ ವರ್ಷಗಳಿಗಿಂತ ಆಮೇಲಿನ ವರ್ಷಗಳೇ ಚೆನ್ನಾಗಿದ್ದವು. ಅದು ಕಿವಿ ಹೋಗಿದ್ದಕ್ಕೆ ಸಿಕ್ಕ ಪರಿಹಾರ ಎಂದು ನಾನು ಹೇಳುತ್ತಿಲ್ಲ. ಹೋದದ್ದು ಹೋಯಿತು. ಇದು ಬೇರೆ ಲೆಕ್ಕ.

ಈಗ ಕೆಟ್ಟ ದಿನಗಳನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಮಂಗಳವಾರದ ಸಭೆಯಲ್ಲಿ ನನ್ನನ್ನು ನಂಬಿ ಮೋಸ ಹೋದೀಯ. ಊಟದ ಹೊತ್ತಿಗೆ ನಾವಿಬ್ಬರು ಏನಾದರೂ ಮಾತಾಡಿ ನಕ್ಕರೆ ಅವರು ತಟ್ಟೆ ಬಿಟ್ಟು ಏಳುತ್ತಿದ್ದರು. ತಮ್ಮನ್ನು ಕುರಿತೇ ನಗುತ್ತಾರೆ ಎನ್ನುವ ಅನುಮಾನ. ನೀನು ಫೋನು ಮಾಡಿದಾಗ ತಕ್ಷಣ ನನ್ನ ಕೈಗೆ ಕೊಟ್ಟು ಆಚೆ ಹೋಗುತ್ತಿದ್ದರಲ್ಲ, ಅದು ನಿನ್ನನ್ನು ಬಹಳ ನೋಯಿಸಿತು, ನನಗೆ ಗೊತ್ತು. ನೀನು ಹುಟ್ಟಿದಾಗಿನಿಂದ ನಿನ್ನ ದನಿ ಮೇಲಿನದು, ಅದಕ್ಕೇ ನಿನಗೆ ಸೀಟಿ ಎಂದು ಹೆಸರಿಟ್ಟದ್ದು ಅವರೇ. ಮೊದಲು ಅವರ ಕೈಬಿಟ್ಟ ದನಿಗಳಲ್ಲಿ ನಿನ್ನದೂ ಒಂದು. ಆದರೆ ಅವರು ನಿಜಕ್ಕೂ ಆಚೆ ಹೋಗುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ನನ್ನ ತುಟಿ ನೋಡುತ್ತಿದ್ದರು. ನಾನು ಫೋನು ಇಟ್ಟ ಮೇಲೆ, ಏನಂದಳು ಎಂದು ಕೇಳುತ್ತಿದ್ದರು. ನಾನು ನೀನು ಹೇಳಿದ್ದನ್ನೆಲ್ಲ ಮೊದಲಿನಿಂದ ನನ್ನ ತಗ್ಗಿದ ದನಿಯಲ್ಲಿ ಹೇಳಬೇಕಿತ್ತು. ನಡುವೆ ಬಿಟ್ಟರೆ ಗೊತ್ತಾಗುತ್ತಿತ್ತು ಅವರಿಗೆ. ಅಷ್ಟು ಹೊತ್ತು ಮಾತಾಡಿದಳಲ್ಲ, ಇಷ್ಟೇನಾ ಎನ್ನುತ್ತಿದ್ದರು.

ನೀನು ಮನೆಗೆ ಬಂದಾಗಲೆಲ್ಲ ಪಕ್ಕದಲ್ಲಿ ಕೂತು ನಿನ್ನ ಬೆನ್ನ ಮೇಲೆ ಕೈ ಇಟ್ಟಿರುತ್ತಿದ್ದರು. ಅದನ್ನು ನೀನು ಮುದ್ದು ಎಂದುಕೊಂಡೆ. ಮುದ್ದೂ ಹೌದು. ಆದರೆ ಅವರು ಕೇಳಿಸಿಕೊಳ್ಳುತ್ತಿದ್ದರು. ಎಷ್ಟೇ ಮೇಲಿನ ದನಿಯಾದರೂ ಅದರ ಬುಡ ಎದೆಯಲ್ಲಿರುತ್ತದೆಯಂತೆ, ಬೆನ್ನಿಗೆ ಅಂಗೈ ಇಟ್ಟರೆ ಅದು ಸಿಗುತ್ತದೆಯಂತೆ. ಪೆಟ್ಟಿಗೆಯ ಮರದ ಮೇಲೆ ಕೈಯಿಟ್ಟು ಕಲಿತದ್ದು ಇರಬೇಕು.

ಒಂದು ದಿನ ಸ್ಲೇಟಿನ ಮೇಲೆ ಅವರ ಅಕ್ಷರ ಇತ್ತು. ‘ಆ ಸೂಜಿ ಬೇಡ ಅಂದಿದ್ದರೆ ಚೆನ್ನಾಗಿತ್ತು.’ ನಾನು ಅಳಿಸಲಿಲ್ಲ. ಅಡುಗೆ ಮಾಡಿದೆ, ಬಡಿಸಿದೆ, ಇಬ್ಬರೂ ಆ ಕಡೆ ನೋಡದೆ ಉಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಅದನ್ನು ಅವರೇ ಟವೆಲಿನಿಂದ ಒರೆಸಿ, ‘ನಿನ್ನೆ ಸಾರಿಗೆ ಉಪ್ಪು ಕಮ್ಮಿ’ ಎಂದು ಬರೆದಿದ್ದರು. ಅಂಥ ದಿನ ಅದೊಂದೇ ಅಲ್ಲ. ಅಂಥ ಬೆಳಿಗ್ಗೆಯೂ ಅದೊಂದೇ ಅಲ್ಲ.

ನಿನಗೆ ಬೇಕಾಗಿದ್ದು ಒಂದು ಉತ್ತರ, ನನ್ನ ಹತ್ತಿರ ಇರುವುದು ಎರಡು. ಅಡ್ಡಗೋಡೆಯ ಮೇಲೆ ದೀಪ ಇಟ್ಟಳು ಅಮ್ಮ ಎಂದುಕೊಳ್ಳಬೇಡ. ಕಿವಿ ಹೋಗಿದ್ದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ. ನಿಮ್ಮ ಮೇಡಂ ಹೇಳುವ ಮಾತು ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ಸತ್ತವರಿಗೆ ಕಿವಿ ಬೇಡ, ನಿಜ. ಬದುಕಿದವರಿಗೆ ಬೇಕಲ್ಲ, ಮದ್ದು ಕೊಡುವುದೇ ಬದುಕಲಿ ಎಂದಲ್ಲವೇ. ಆದರೆ ನೀನು ಬರೆದಿರುವುದೂ ಪೂರ್ತಿ ಸರಿಯಿಲ್ಲ. ಅಪ್ಪ ಮೂಕ ಮನೆಯಲ್ಲಿ ಕೂತಿರಲಿಲ್ಲ. ಕೂತ ದಿನ ಕೂತರು, ಎದ್ದ ದಿನ ಬೀದಿ ದಾಟಿದರು. ಆ ವರ್ಷಗಳಲ್ಲೇ ನೀನು ಓದಿ ಮುಗಿಸಿದ್ದನ್ನು ನೋಡಿದರು. ಕೊನೆಗೆ ಎದೆ ನಿಂತು ಹೋದದ್ದು ತನ್ನ ಅಂಗಡಿಯಲ್ಲಿ, ತಿದಿಗೆ ಚರ್ಮ ಅಂಟಿಸುತ್ತಾ. ಅದು ಆಸ್ಪತ್ರೆಯ ಮಂಚವಲ್ಲ.

ಹೋದ ಸಲ ನಿನ್ನ ಪ್ರಯೋಗಾಲಯ ತೋರಿಸಿದೆಯಲ್ಲ, ಆ ಗಿನಿಪಿಗ್‌ಗಳನ್ನು ನಾನು ಮರೆತಿಲ್ಲ. ಕೈಯಲ್ಲಿ ಹಿಡಿಯುವ ಆ ಸಣ್ಣ ಪೆಟ್ಟಿಗೆಯಿಂದ ನೀನು ಕಿರ್ ಎನಿಸಿದರೆ ಅವುಗಳ ಕಿವಿ ಎಲೆಯ ಹಾಗೆ ಅದುರುತ್ತಿತ್ತು. ಪಾಕ ಚುಚ್ಚಿಸಿಕೊಂಡವುಗಳಲ್ಲಿ ಹೆಚ್ಚಿನವು ಅದುರಿಸಿದವು. ಮೂಲೆಯಲ್ಲಿದ್ದ ಕಂದು ಬಿಳಿ ಬಣ್ಣದ್ದು ಮಾತ್ರ ತುದಿಯ ಸ್ವರಕ್ಕೆ ಸುಮ್ಮನೆ ಸೊಪ್ಪು ತಿನ್ನುತ್ತಿತ್ತು. ನೀನು ಪೆಟ್ಟಿಗೆಯ ಬ್ಯಾಟರಿ ಬದಲಿಸಿದೆ. ಮತ್ತೆ ಒತ್ತಿದೆ. ಬೇರೆ ಪೆಟ್ಟಿಗೆ ತಂದೆ. ಅದರ ಬ್ಯಾಟರಿಯನ್ನೂ ಬದಲಿಸಿದೆ. ಎಲ್ಲಾ ಪೆಟ್ಟಿಗೆಗೂ ಒಂದೇ ರೋಗ ಬಂದಿದೆ ಎಂದವರ ಮಗಳು ನೀನು. ಅವರ ಹಾಗೆಯೇ ಆಮೇಲೆ ಪೆಟ್ಟಿಗೆ ಕೆಳಗಿಟ್ಟು, ಇದಕ್ಕೆ ಕೇಳಿಸುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಮಂಗಳವಾರವೂ ಅದನ್ನೇ ಮೊದಲು ಹೇಳು. ಯಾರೂ ಕೇಳುವ ಮುಂಚೆ ಹೇಳು. ಬರೀ ಕಿವಿಗೆ ಸ್ವಲ್ಪ ತೊಂದರೆ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗುಬ್ಬಿ ಹೋಗಬಹುದು, ಕುಕ್ಕರು ಹೋಗಬಹುದು, ಮಗಳ ದನಿ ಹೋಗಬಹುದು ಎಂದು ಮಂಚದ ಅಂಚಿನಲ್ಲಿ ಕೂತು ಹೇಳುವವರು ಬೇಕು.

ಆದರೆ ಮದ್ದನ್ನು ಕಪಾಟಿನಲ್ಲಿಡಬೇಡ. ಅಪ್ಪನ ಮುಂದೆ ಡಾಕ್ಟರು ಕೂತು ಕೇಳಿದರಲ್ಲ, ಕೇಳಲು ಒಂದು ಮದ್ದಾದರೂ ಇತ್ತು, ಅದಕ್ಕೇ ಕೇಳಿದರು. ಅದೂ ಇಲ್ಲದಿದ್ದರೆ ಡಾಕ್ಟರು ಕೂರುತ್ತಲೇ ಇರಲಿಲ್ಲ, ನಿಂತೇ ಹೇಳಿ ಹೋಗುತ್ತಿದ್ದರು. ಜ್ವರದಲ್ಲಿ ಮಲಗಿದವರಿಗೆ ಇನ್ನೂ ಒಳ್ಳೆಯದು ಬರುತ್ತದೆ, ಕೆಲವು ವರ್ಷ ತಡೆಯಿರಿ ಎನ್ನಲಾಗುವುದಿಲ್ಲ ಕಣೇ. ಪಾಕ ಮುಂದೆ ಹೋಗಲಿ. ಅದರ ಹಿಂದೆಯೇ ನೀನು ಇನ್ನೊಂದನ್ನು ಕೆರೆಯುತ್ತಾ ಕೂರು. ಕಂದು ಬಿಳಿ ಗಿನಿಪಿಗ್ಗಿನ ಕಿವಿ ಅದುರುವವರೆಗೆ ಕೆರೆ. ಬೇಕೋ ಬೇಡವೋ ಎನ್ನುವುದನ್ನು ಕಾಯಿಲೆಯವರಿಗೆ ಬಿಡು. ಅಪ್ಪನ ಹೆಸರಿನಲ್ಲಿ ಹೂಂ ಎನ್ನಬೇಡ, ಅಪ್ಪನ ಹೆಸರಿನಲ್ಲಿ ಬೇಡ ಎನ್ನಲೂ ಬೇಡ. ಅವರು ತಮ್ಮ ಮಾತನ್ನು ತಾವೇ ಹೇಳಿ ಹೋಗಿದ್ದಾರೆ.

ಓದಿದವಳಿಗೆ ಓದದವಳ ಬುದ್ಧಿವಾದ ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾತ್ರೆಯ ತಳ ಕೆರೆಯುತ್ತಾ ಕೂತು ನಿನ್ನ ಹೊಟ್ಟೆಯ ತಳ ಮರೆಯಬೇಡ.

ಪ್ರೀತಿಯಿಂದ,
ಮಂದ್ರದಲ್ಲಿ ಬೈಯುವ ನಿನ್ನ
ಅಮ್ಮ

ಮರೆತಿದ್ದು: ಮನೆಗೆ ಸುಣ್ಣ ಬಳಿಸುತ್ತಿಲ್ಲ.

ಅಪ್ಪನ ವಿಷಯವನ್ನು ನಿನಗೆ ಆಮೇಲೆ ಹೇಳಿದೆವು. ಈ ಸಲ ಮುಂಚೆಯೇ ಹೇಳುತ್ತಿದ್ದೇನೆ, ಹಾಗಾಗಿ ಬೈಯುವ ಹಕ್ಕು ನಿನಗಿಲ್ಲ. ಹತ್ತು ದಿನದಿಂದ ಜ್ವರ. ನನ್ನ ಎಡಗೈಯಲ್ಲಿ ಸೂಜಿ ಇದೆ, ಅದಕ್ಕೇ ಕಾಗದ ಹಿಡಿಯಲಾಗುತ್ತಿಲ್ಲ. ನಿನ್ನೆ ಡಾಕ್ಟರಮ್ಮ ಬಂದು ಮಂಚದ ಅಂಚಿನಲ್ಲಿ ಕೂತರು. ಉಳಿದಿರುವುದು ಅಪ್ಪನಿಗೆ ಕೊಟ್ಟ ಆ ಹಳೆಯ ಮದ್ದೇ ಅಂತೆ. ಮೂತ್ರಪಿಂಡದ ಪರೀಕ್ಷೆಯ ಫಲಿತಾಂಶ ನೋಡಿ ಸೋಮವಾರ ಶುರು ಮಾಡುತ್ತಾರೆ. ಕೇಳಿದರು, ನಾನು ಹೂಂ ಎಂದೆ. ನಿನ್ನ ಪಾಕ ನನಗೆ ಸಿಗುವುದಿಲ್ಲವೆಂದು ಗೊತ್ತು, ಅದಕ್ಕಾಗಿ ಇಷ್ಟೆಲ್ಲ ಬರೆದೆ ಎಂದುಕೊಳ್ಳಬೇಡ. ಕಿವಿ ಹೋಗಲೇಬೇಕೆಂದಿಲ್ಲ. ಹೋದರೂ ಬದುಕು ಹೇಗಿರುತ್ತದೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಸ್ಲೇಟು ಅಲ್ಲೇ ನೇತಾಡುತ್ತಿದೆ, ಬಂದಾಗ ಬರೆಯುವ ಸರದಿ ನಿನ್ನದು.

ಈಗಲೇ ಓಡಿ ಬರಬೇಡ. ಮಂಗಳವಾರದ ಸಭೆ ಮುಗಿಸಿಕೊಂಡು ಬಾ. ಆದರೆ ಭಾನುವಾರ ಫೋನು ಮಾಡು. ಮದ್ದಿನ ಮಾತು ಬೇಡ. ಏನಾದರೂ ಹೇಳು, ತರಕಾರಿ ರೇಟು ಹೇಳಿದರೂ ಸಾಕು, ಹೇಳುತ್ತಾ ಹೋಗು. ಅಳಬೇಡ ಮಾತ್ರ. ಅತ್ತರೆ ನಿನ್ನ ದನಿ ಇಳಿಯುತ್ತದೆ. ಇಳಿದ ದನಿ ನನಗೆ ಆಮೇಲೆ ನಿನ್ನ ಬೆನ್ನ ಮೇಲೆ ಕೈಯಿಟ್ಟರೂ ಸಿಗುತ್ತದೆ. ಭಾನುವಾರ ಮೇಲಿನದು ಬೇಕು.